ಬಂಡೆಯ ಬಲವೂ ಬಂಡೆಯ ನೆಲೆಯೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನೇರಿದವರು ನುಡಿಯ ಮಾತನ್ನೋ ಕವಿಗಳ ಮಾತನ್ನೋ ಏಕೀಕರಣದ ಮಾತನ್ನೋ ಆಡುವುದು ವಾಡಿಕೆ. ನಾವು ಇಂದು ಕಲ್ಲಿನ ಮಾತನ್ನಾಡಲು ಬಂದಿದ್ದೇವೆ. ಹಬ್ಬದ ದಿನ ಕಲ್ಲಿನ ವಿಷಯವೇಕೆ ಎಂದು ತಾವು ಹುಬ್ಬೇರಿಸಬಹುದು. ಆದರೆ ಹೈದರಾಬಾದಿನಲ್ಲಿ ಮನೆ ಮಾಡಿದವರಿಗೆ ಕಲ್ಲು ದೂರದ ವಸ್ತುವಲ್ಲ. ಬಂಜಾರಾ ಹಿಲ್ಸಿನಲ್ಲಿರಲಿ, ಮೌಲಾಲಿಯಲ್ಲಿರಲಿ, ಗೋಲ್ಕೊಂಡದ ಆಸುಪಾಸಿನಲ್ಲಿರಲಿ, ಗಚ್ಚಿಬೌಲಿಯ ಹೊಸ ಬಡಾವಣೆಗಳಲ್ಲಿರಲಿ, ಎಲ್ಲಿ ನಿಂತು ನೋಡಿದರೂ ಒಂದಲ್ಲ ಒಂದು ಬಂಡೆ ಕಣ್ಣಿಗೆ ಬೀಳುತ್ತದೆ. ಒಂದರ ತಲೆಯ ಮೇಲೊಂದು ಕುಳಿತ ಬಂಡೆಗಳು, ಅಂಗೈಯಷ್ಟು ಜಾಗದಲ್ಲಿ ಕಾಲೂರಿ ನಿಂತ ಬಂಡೆಗಳು, ಆನೆ ಮಲಗಿದಂತೆ ಮಲಗಿದ ಬಂಡೆಗಳು! ನಮ್ಮ ಮಕ್ಕಳು ಅವುಗಳ ಮೇಲೆ ಹತ್ತಿ ಆಡುತ್ತಾರೆ. ನಾವು ಅವುಗಳ ನೆರಳಿನಲ್ಲಿ ಗಾಡಿ ನಿಲ್ಲಿಸುತ್ತೇವೆ. ಕೆಲವರಂತೂ ಅವುಗಳಿಗೇ ಗೋಡೆಯನ್ನು ಆನಿಸಿ ಅಡಿಗೆಮನೆ ಕಟ್ಟಿಕೊಂಡಿದ್ದಾರೆ. ಊರಿನಿಂದ ಬಂದ ನೆಂಟರು, "ಇದು ಬೀಳುವುದಿಲ್ಲವೇನಪ್ಪಾ?" ಎಂದು ಕೇಳಿದರೆ, "ಕೋಟ್ಯಂತರ ವರ್ಷದಿಂದ ನಿಂತಿರುವುದು ಇಂದು ಬಿದ್ದೀತೇ?" ಎಂದು ನಕ್ಕುಬಿಡುತ್ತೇವೆ. ಆ ನಗೆ ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ತಪ್ಪು ಎಂಬುದನ್ನು ವಿಚಾರ ಮಾಡುವುದೇ ಇಂದಿನ ನಮ್ಮ ಉದ್ದೇಶ.

2020ನೆಯ ಇಸವಿಯ ಅಕ್ಟೋಬರ್ 13ರ ರಾತ್ರಿಯನ್ನು ಇಲ್ಲಿರುವ ಅನೇಕರು ಮರೆತಿರಲಾರರು. ಒಂದು ಹಗಲು ಒಂದು ರಾತ್ರಿಯಲ್ಲಿ ನಗರದ ಮೇಲೆ ಸುಮಾರು 19 ಸೆಂಟಿಮೀಟರ್ ಮಳೆ ಸುರಿಯಿತು. ರಸ್ತೆಗಳು ಹೊಳೆಗಳಾದವು, ಕೆರೆಗಳು ತುಂಬಿ ಹರಿದವು. ಅದೇ ರಾತ್ರಿ ಬಂಡ್ಲಗೂಡದ ಮೊಹಮ್ಮದಿಯಾ ಹಿಲ್ಸ್ ಎಂಬಲ್ಲಿ ಒಂದು ಆವರಣದ ಗೋಡೆ ಕೆಳಗಿನ ಮನೆಗಳ ಮೇಲೆ ಕುಸಿದುಬಿತ್ತು. ಮೇಲಿನಿಂದ ಬಂಡೆಗಲ್ಲು ಉರುಳಿ ಬಂದು ಗೋಡೆಗೆ ಬಡಿಯಿತೆಂದು ಅಂದಿನ ವರದಿಗಳು ಹೇಳಿದವು. ಕನಿಷ್ಠ ಎಂಟು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಮಳೆಗೆ ಅಂಜಿ ಮನೆಯೊಳಗೆ ಸೇರಿದ್ದವರನ್ನು ಮನೆಯೇ ಕಾಯಲಿಲ್ಲ.

ಈ ಊರಿನ ಕಲ್ಲು ಲೋಕದಲ್ಲೇ ಗಟ್ಟಿಯಾದ ಕಲ್ಲುಗಳ ಸಾಲಿಗೆ ಸೇರಿದ್ದು. ಅಂಥ ಕಲ್ಲೂ ಉರುಳುವುದೇಕೆ? ಉರುಳುವುದಕ್ಕೆ ಮೊದಲೇ ಅದನ್ನು ಗುರುತಿಸಲು ಬರುವುದೇ? ಬರುತ್ತದೆ ಎಂಬುದೇ ನಮ್ಮ ಉತ್ತರ. ಆದರೆ ಅದಕ್ಕೆ ಕಲ್ಲಿನ ಬಲವನ್ನು ಅಳೆದರೆ ಸಾಲದು. ಅದು ನಿಂತ ನೆಲೆಯನ್ನೂ ಅಳೆಯಬೇಕು, ಅಳೆದದ್ದನ್ನು ನಕ್ಷೆಯಲ್ಲಿ ಬರೆದಿಡಬೇಕು.

ಮೊದಲು ನಮ್ಮ ನಮ್ಮ ಊರಿನ ಕಲ್ಲುಗಳನ್ನು ನೆನೆಯೋಣ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಈ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಇಲ್ಲಿ ನೆರೆದಿರುವ ಬಹು ಮಂದಿ ಆ ಮೂರು ಜಿಲ್ಲೆಗಳ ಮಕ್ಕಳು. ಮೂರು ಜಿಲ್ಲೆಗಳಿಗೆ ಮೂರು ಬಗೆಯ ಕಲ್ಲು. ಬೀದರಿನ ಎತ್ತರದ ನೆಲ ಜಂಬಿಟ್ಟಿಗೆಯದು. ಅದು ಅಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕೆಂಪುಕಲ್ಲು. ಅದರ ಕೆಳಗೆ ಕರಿಕಲ್ಲು, ಅಂದರೆ ಬಸಾಲ್ಟು. ಕಲಬುರಗಿಯಲ್ಲಿ ಆ ಕರಿಕಲ್ಲಿನ ಜೊತೆಗೆ ಹಾಳೆಹಾಳೆಯಾಗಿ ಏಳುವ ಶಹಾಬಾದಿನ ಹಾಸುಗಲ್ಲು. ಹೈದರಾಬಾದಿನ ಎಷ್ಟೋ ಹಳೆಯ ಮನೆಗಳಲ್ಲಿ ಕಾಲಡಿಗೆ ತಣ್ಣಗಿರುವುದು ಅದೇ. ರಾಯಚೂರಿನದು ಕಣಶಿಲೆ, ಗ್ರಾನೈಟು. ಅಲ್ಲಿಂದ ಮಹಬೂಬನಗರದ ದಾರಿಯಾಗಿ ಇಲ್ಲಿಗೆ ಬರುವವರಿಗೆ ಉದ್ದಕ್ಕೂ ಅದರದೇ ಜೊತೆ. ಬೀದರಿನಿಂದ ಜಹೀರಾಬಾದಿನ ಮೇಲೆ ಬಸ್ಸಿನಲ್ಲಿ ಬರುವವರಾದರೋ ಕರಿನೆಲ ಮುಗಿದು ಕೆಂಪುನೆಲ ಮೊದಲಾಗುವುದನ್ನು ಕಿಟಕಿಯಿಂದಲೇ ನೋಡಬಹುದು. ನೆಲದ ಬಣ್ಣ ಬದಲಾದಾಗ ಕೆಳಗಿನ ಕಲ್ಲೂ ಬದಲಾಗಿದೆ ಎಂದು ತಿಳಿಯಬೇಕು.

ಹೈದರಾಬಾದಿನ ಕಣಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಹುಟ್ಟಿದ್ದು ನೆಲದ ಮೇಲಲ್ಲ, ಕಿಲೋಮೀಟರುಗಟ್ಟಲೆ ಆಳದಲ್ಲಿ. ಕರಗಿದ ಶಿಲೆ ಅಲ್ಲಿಯೇ ನಿಧಾನವಾಗಿ ತಣಿದು ಹರಳುಗಟ್ಟಿತು. ಮೇಲಿನ ನೆಲ ಯುಗಯುಗಗಳಲ್ಲಿ ಸವೆದುಹೋದ ಮೇಲೆ ಅದು ಬೆಳಕು ಕಂಡಿತು. ಮೇಲಿನ ಹೊರೆ ಇಳಿದಾಗ ಕಲ್ಲು ಹಿಗ್ಗಿ, ಈರುಳ್ಳಿಯ ಪದರಗಳಂತೆ ನೆಲಕ್ಕೆ ಸಮವಾಗಿ ಬಿರುಕುಬಿಟ್ಟಿತು. ತಣಿಯುವಾಗಲೂ ನೆಲದ ಒತ್ತಡಕ್ಕೆ ಸಿಕ್ಕಾಗಲೂ ಆದ ನೆಟ್ಟನೆಯ ಬಿರುಕುಗಳು ಮೊದಲೇ ಇದ್ದವು. ಅಡ್ಡ ಬಿರುಕೂ ನೆಟ್ಟನೆಯ ಬಿರುಕೂ ಸೇರಿ ಬೆಟ್ಟವನ್ನು ದೊಡ್ಡ ದೊಡ್ಡ ಇಟ್ಟಿಗೆಗಳಾಗಿ ಹೆಚ್ಚಿಟ್ಟಂತಾಯಿತು. ಆ ಸಂದುಗಳಲ್ಲಿ ಮಳೆಯ ನೀರು ಇಳಿಯಿತು. ನೀರು ತಾಗಿದ ಕಡೆ ಕಲ್ಲಿನೊಳಗಿನ ಕೆಲವು ಹರಳುಗಳು ಜೇಡಿಮಣ್ಣಾದವು. ಮೂಲೆಗಳು ಮೊದಲು ಕೊಳೆತವು, ನಡುವಿನ ತಿರುಳು ಉಳಿಯಿತು. ಆದಕಾರಣ ಇಟ್ಟಿಗೆಯಂತಿದ್ದ ತುಂಡುಗಳು ದುಂಡಗಾದವು. ಸುತ್ತಲಿನ ಕೊಳೆತ ಪುಡಿ ಕೊಚ್ಚಿಹೋಗಿ ತಿರುಳುಗಳು ಒಂದರ ಮೇಲೊಂದು ಹಾಗೆಯೇ ಕುಳಿತವು. ಆ ಪುಡಿಯನ್ನೇ ಇಲ್ಲಿಯವರು ಮೊರಂ ಎನ್ನುತ್ತಾರೆ, ನಮ್ಮ ಕಡೆ ಗರಸು ಎನ್ನುವುದುಂಟು.

ಎಂದರೆ, ಈ ಬಂಡೆಗಳನ್ನು ಯಾವ ರಾಕ್ಷಸನೂ ತಂದು ಪೇರಿಸಿದ್ದಲ್ಲ. ಅವು ಹುಟ್ಟಿದ ಜಾಗದಲ್ಲೇ ಇವೆ. ಸುತ್ತಲಿನದು ಕರಗಿಹೋಗಿದೆ, ಅಷ್ಟೇ. ಆದರೆ ಒಂದೊಂದು ಬಂಡೆಯೂ ಯಾವುದರ ಮೇಲೆ ಕುಳಿತಿದೆ? ಕೆಲವು ಗಟ್ಟಿ ಬಂಡೆಯ ಮೇಲೆ ಕುಳಿತಿವೆ. ಅವು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಇದ್ದಾವು. ಮತ್ತೆ ಕೆಲವು ಇನ್ನೂ ಕೊಚ್ಚಿಹೋಗದ ಮೊರಮ್ಮಿನ ಮೇಲೆ ಕುಳಿತಿವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕಲ್ಲಿನ ವಯಸ್ಸು 250 ಕೋಟಿ ವರ್ಷವೆಂಬುದು ನಿಜ, ಆದರೆ ಅದು ಇಂದು ಕುಳಿತ ಭಂಗಿಗೆ ಅಷ್ಟು ವಯಸ್ಸಿಲ್ಲ. ನೆಂಟರ ಪ್ರಶ್ನೆಗೆ ನಾವು ಕೊಟ್ಟ ಉತ್ತರದ ತಪ್ಪು ಇಲ್ಲಿದೆ.

ಇನ್ನು ಬಲದ ಮಾತು. ಕಲ್ಲಿನ ಬಲವನ್ನು ಅಳೆಯುವ ಬಗೆ ಸರಳವಾದದ್ದೇ. ಕಲ್ಲಿನಿಂದ ಕೊರೆದು ತೆಗೆದ ಒಂದು ಉರುಳೆಯನ್ನು ಯಂತ್ರದಲ್ಲಿಟ್ಟು ಒಡೆಯುವವರೆಗೂ ಒತ್ತುತ್ತಾರೆ. ಚದರ ಸೆಂಟಿಮೀಟರಿಗೆ ಎಷ್ಟು ಕಿಲೋಗ್ರಾಂ ತಡೆಯಿತೆಂಬುದೇ ಅದರ ಬಲ. ನಮ್ಮ ಮನೆಗಳ ಸಾಧಾರಣ ಕಾಂಕ್ರೀಟು ಸುಮಾರು 200 ಕಿಲೋ ತಡೆಯುತ್ತದೆ. ಕೊಳೆಯದ ಕಣಶಿಲೆ 1,000ದಿಂದ 2,500 ಕಿಲೋವರೆಗೆ ತಡೆಯುತ್ತದೆ. ಗಟ್ಟಿ ಕರಿಕಲ್ಲೂ ಅದಕ್ಕೆ ಸಮ. ಜಂಬಿಟ್ಟಿಗೆಯಾದರೋ ಕೆಲವು ಹತ್ತು ಕಿಲೋಗಳಿಗೇ ಸೋಲುವುದುಂಟು.

ಬೆಟ್ಟಬೆಟ್ಟಕ್ಕೂ ಯಂತ್ರವನ್ನು ಹೊತ್ತೊಯ್ಯಲಾಗದು. ಅದಕ್ಕೆಂದೇ ಕೈಯಲ್ಲಿ ಹಿಡಿಯುವ ಒಂದು ಸಾಧನವಿದೆ. ಸ್ವಿಟ್ಜರ್ಲೆಂಡಿನ ಎರ್ನ್ಸ್ಟ್ ಶ್ಮಿಟ್ ಎಂಬ ಇಂಜಿನಿಯರು ಸುಮಾರು 1950ರ ವೇಳೆಗೆ ಕಾಂಕ್ರೀಟಿನ ಪರೀಕ್ಷೆಗೆಂದು ಮಾಡಿದ ಸುತ್ತಿಗೆ ಅದು. ಕೊಳವೆಯೊಳಗೆ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಉಕ್ಕಿನ ಗುಂಡು. ಕಲ್ಲಿಗೆ ಆನಿಸಿ ಒತ್ತಿದರೆ ಗುಂಡು ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತೆಂಬುದನ್ನು ಮುಳ್ಳು ತೋರಿಸುತ್ತದೆ. ಗಟ್ಟಿ ಕಣಶಿಲೆಯ ಮೇಲೆ 50, 60ರ ಆಸುಪಾಸು ಬರುತ್ತದೆ. ಕೊಳೆತದ್ದರ ಮೇಲೆ 20, 30ಕ್ಕೆ ಇಳಿಯುತ್ತದೆ. ನಮ್ಮ ಕಲ್ಲುಕುಟಿಗರು ಇದೇ ಕೆಲಸವನ್ನು ಕಿವಿಯಿಂದ ಮಾಡುತ್ತ ಬಂದವರು. ಸುತ್ತಿಗೆಯಿಂದ ತಟ್ಟಿದಾಗ ಕಂಚಿನಂತೆ ಠಣ್ ಎಂದರೆ ಕಲ್ಲು ಗಟ್ಟಿ. ದಬ್ ಎಂದರೆ ಒಳಗೆ ಬಿರುಕಿದೆ. ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 40 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಅಂಥ ಕಲ್ಲನ್ನು ಗಾಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ನಲವತ್ತು ಅಡಿಯ ಉದ್ದಕ್ಕೂ ಒಂದು ಬಿರುಕಿಲ್ಲದ ಜಾಗವನ್ನು ಬೆಟ್ಟದಲ್ಲಿ ಹುಡುಕಿ ತೆಗೆದವರ ತಲೆಯಲ್ಲಿ ಬೆಟ್ಟದ ನಕ್ಷೆಯೇ ಇದ್ದಿರಬೇಕು.

ಆದರೆ ಬಿಡಿ ಕಲ್ಲಿನ ಬಲವೇ ಬೇರೆ, ಬೆಟ್ಟದ ಬಲವೇ ಬೇರೆ. ಬೆನಿಯಾವ್ಸ್ಕಿ ಎಂಬ ಇಂಜಿನಿಯರು 1973ರಲ್ಲಿ ಬಂಡೆಯ ರಾಶಿಗೆ ಅಂಕ ಕೊಡುವ ಒಂದು ಪದ್ಧತಿಯನ್ನು ಹೊರತಂದರು. ಮುಂದೆ ತಿದ್ದುಪಡಿಗಳಾಗಿ ಅದು ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಶಾಲೆಯ ಅಂಕಪಟ್ಟಿಯಂತೆ ಅದಕ್ಕೆ ಒಟ್ಟು 100 ಅಂಕ. ಅದರಲ್ಲಿ ಕಲ್ಲಿನ ಸ್ವಂತ ಬಲಕ್ಕೆ ಎಷ್ಟು ಅಂಕವಿದ್ದೀತೆಂದು ತಾವು ಊಹಿಸಿ ನೋಡಿ. ಕೇವಲ 15! ಕೊರೆದು ತೆಗೆದ ಉರುಳೆ ಎಷ್ಟು ಇಡಿಯಾಗಿ ಬರುತ್ತದೆಂಬುದಕ್ಕೆ 20. ಬಿರುಕುಗಳು ಎಷ್ಟೆಷ್ಟು ದೂರದಲ್ಲಿವೆ ಎಂಬುದಕ್ಕೆ 20. ಬಿರುಕಿನ ಮೈ ಒರಟೋ ನುಣುಪೋ, ಬಿಗಿದಿದೆಯೋ ಬಾಯಿಬಿಟ್ಟಿದೆಯೋ, ಒಳಗೆ ಜೇಡಿಮಣ್ಣಿದೆಯೋ ಎಂಬುದಕ್ಕೆ 30. ನೀರಿನ ಸ್ಥಿತಿಗೆ 15. ಇಷ್ಟಾದ ಮೇಲೆ ಇಳಿಜಾರಿನ ಪ್ರಶ್ನೆ ಬರುತ್ತದೆ. ಬಿರುಕುಗಳು ಕಣಿವೆಯ ಕಡೆಗೆ ವಾಲಿದ್ದರೆ, ಬಂದ ಅಂಕದಲ್ಲಿ 60ರವರೆಗೂ ಕಳೆಯಬೇಕು. ಮೈಕಟ್ಟಿನಲ್ಲಿ ಪೈಲ್ವಾನನಾದರೂ ಜಾರುವ ನೆಲದಲ್ಲಿ ನಿಂತರೆ ಬೀಳದಿರುವನೇ? ಕಲ್ಲಿನ ಗತಿಯೂ ಅಷ್ಟೇ.

ನೀರಿಗೆ 15 ಅಂಕವೆಂದೆವು. ಅದರ ಚಮತ್ಕಾರವನ್ನು ಒಂದು ಲೆಕ್ಕದಿಂದ ನೋಡೋಣ. ಬಂಡೆಯ ಹಿಂದೆ ಮೂರು ಮೀಟರ್ ಆಳದ, ಒಂದು ಸೆಂಟಿಮೀಟರ್ ಬಾಯಿಯ ಬಿರುಕಿದೆಯೆಂದು ಇಟ್ಟುಕೊಳ್ಳಿ. ಅದರ ಒಂದು ಮೀಟರ್ ಉದ್ದವನ್ನು ತುಂಬಲು 30 ಲೀಟರ್ ನೀರು ಸಾಕು, ಅಂದರೆ ಎರಡು ಮೂರು ಕೊಡ. ಆ ಎರಡು ಮೂರು ಕೊಡ ನೀರು ಬಂಡೆಯನ್ನು ಮುಂದಕ್ಕೆ ನೂಕುವ ಬಲ ಸುಮಾರು ನಾಲ್ಕೂವರೆ ಟನ್ನು! ನೀರಿನ ಒತ್ತಡ ಆಳವನ್ನು ಅವಲಂಬಿಸುತ್ತದೆಯೇ ಹೊರತು ಅಗಲವನ್ನಲ್ಲ. ಬಿರುಕು ಕೂದಲೆಳೆಯಷ್ಟೇ ಇದ್ದರೂ ನೀರು ನಿಂತರೆ ಒತ್ತಡ ಅಷ್ಟೇ. ನೀರು ಹರಿದುಹೋಗಲು ದಾರಿಯಿದ್ದರೆ ಒತ್ತಡವಿಲ್ಲ. ಕೆಳಗೆ ಮಣ್ಣು ಮೆತ್ತಿಯೋ ಗೋಡೆ ಕಟ್ಟಿಯೋ ದಾರಿ ಮುಚ್ಚಿದ್ದರೆ ಮಾತ್ರ ಅಪಾಯ. ಎಷ್ಟೋ ವರ್ಷ ನಿಂತ ಬಂಡೆ ಒಂದೇ ಮಳೆಯ ರಾತ್ರಿ ಹೊರಡುವುದರ ಒಂದು ಗುಟ್ಟು ಇದು.

ಹೊರಟ ಬಂಡೆಯ ರಭಸವನ್ನೂ ತಿಳಿಯಬೇಕು. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರಿರುವ ಕಣಶಿಲೆಯ ತುಂಡು ಎರಡೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಅದು 20 ಮೀಟರ್ ಎತ್ತರದಿಂದ ನೇರವಾಗಿ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಅಷ್ಟು ಭಾರದ ವಾಹನ ಅಷ್ಟು ವೇಗದಲ್ಲಿ ಬಂದು ಬಡಿದರೆ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ ಏನು ಮಾಡೀತು? ಆವರಣದ ಗೋಡೆ ಕಳ್ಳರನ್ನು ತಡೆಯಲು ಕಟ್ಟಿದ್ದು, ಬಂಡೆಯನ್ನು ತಡೆಯಲು ಕಟ್ಟಿದ್ದಲ್ಲ.

ಈ ವಿದ್ಯೆಯಲ್ಲಿ ಬಹಳ ಪಾಠ ಕಲಿಸಿದವು ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪಗಳು. ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನ ಪೂರ್ವಕ್ಕೆ ರಿಯೂನಿಯನ್ ಎಂಬ ಫ್ರೆಂಚರ ದ್ವೀಪವಿದೆ. ಅಲ್ಲಿಯ ಜ್ವಾಲಾಮುಖಿ ಇಂದಿಗೂ ಆಗಾಗ ಬೆಂಕಿಯುಗುಳುತ್ತದೆ. ನಮಗೂ ಆ ದ್ವೀಪಕ್ಕೂ ಏನು ಸಂಬಂಧವೆಂದರೆ, ಬೀದರ ಕಲಬುರಗಿಗಳ ಕರಿಕಲ್ಲನ್ನು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹೊರಹಾಕಿದ ಭೂಗರ್ಭದ ಕುಲುಮೆಯೇ ಇಂದು ರಿಯೂನಿಯನ್ನಿನ ಕೆಳಗಿರುವುದೆಂದು ಅನೇಕ ಭೂವಿಜ್ಞಾನಿಗಳ ಮತ. ಕುಲುಮೆ ಅಲ್ಲೇ ಉಳಿಯಿತು. ನಮ್ಮ ನಾಡು ಅದರ ಮೇಲಿಂದ ಹಾದು ಉತ್ತರಕ್ಕೆ ಬಂದಿತು. ವಲಸೆ ಬಂದವರು ನಾವಷ್ಟೇ ಅಲ್ಲ, ನಮ್ಮ ಕಾಲಡಿಯ ನೆಲವೂ ವಲಸೆ ಬಂದದ್ದೇ!

ಇಂಥ ದ್ವೀಪಗಳ ಕಡಲ ಕಡೆಯ ಕೊರಕಲುಗಳಲ್ಲಿ ಕಲ್ಲು ಪದರಪದರವಾಗಿರುತ್ತದೆ. ಹರಿದು ಗಟ್ಟಿಯಾದ ಲಾವಾದ ಪದರ ಒಂದು. ಅದರ ಕೆಳಗೆ ಬೂದಿ, ಕಿಟ್ಟಗಳ ಸಡಿಲ ಪದರ ಒಂದು. ಮತ್ತೆ ಲಾವಾ, ಮತ್ತೆ ಬೂದಿ. ಗಾಳಿ, ಮಳೆ, ಅಲೆಗಳು ಮೆತ್ತನೆಯ ಪದರವನ್ನು ಬೇಗ ಕೊರೆಯುತ್ತವೆ. ಮೇಲಿನ ಗಟ್ಟಿ ಪದರ ಸೂರಿನಂತೆ ಮುಂಚಾಚಿ ನಿಂತು, ಒಂದು ದಿನ ತನ್ನ ಭಾರಕ್ಕೇ ಮುರಿದು ಬೀಳುತ್ತದೆ. ಆದಕಾರಣ ಅಲ್ಲಿ ನಕ್ಷೆ ಬರೆಯುವವರು ಗಟ್ಟಿ ಕಲ್ಲನ್ನು ಗುರುತಿಸಿ ತೃಪ್ತರಾಗುವುದಿಲ್ಲ, ಗಟ್ಟಿಯ ಕೆಳಗೆ ಮೆತ್ತನೆಯದು ಎಲ್ಲಿದೆಯೆಂದು ಹುಡುಕುತ್ತಾರೆ. ಕ್ಯಾನರಿ ದ್ವೀಪಗಳಲ್ಲೊಂದಾದ ಲಾ ಗೊಮೆರಾದಲ್ಲಿ 2020ರ ನವೆಂಬರ್ 14ರಂದು ಕಡಲತಡಿಯ ಕೊರಕಲಿನ ಒಂದು ಭಾಗವೇ ಧೂಳೆಬ್ಬಿಸಿ ಕುಸಿಯಿತು.

ರಿಯೂನಿಯನ್ನಿನಲ್ಲಿ ರಾಜಧಾನಿಗೆ ಹೋಗುವ ಹೆದ್ದಾರಿ ಬಹುಕಾಲ ಇಂಥ ಕೊರಕಲಿನ ಬುಡದಲ್ಲೇ ಇತ್ತು. ಕಲ್ಲು ಬಿದ್ದು ಜೀವಹಾನಿಯಾಗುತ್ತಿತ್ತು. ಬಂಡೆಗೆ ಉಕ್ಕಿನ ಬಲೆ ಹೊದಿಸಿದರು. ಮಳೆ ಒಂದು ಮಿತಿ ಮೀರಿದೊಡನೆ ಬೆಟ್ಟದ ಬದಿಯ ಹಾದಿಯನ್ನು ಮುಚ್ಚುವ ಕ್ರಮವಿಟ್ಟುಕೊಂಡರು. ಕೊನೆಗೆ, ಬೆಟ್ಟದೊಡನೆ ಹೋರಾಡುವುದಕ್ಕಿಂತ ಅದರಿಂದ ದೂರ ಸರಿಯುವುದೇ ಲೇಸೆಂದು ಸಮುದ್ರದ ಮೇಲೆ ಐದು ಕಿಲೋಮೀಟರಿಗೂ ಉದ್ದವಾದ ಸೇತುವೆಯನ್ನು ಕಟ್ಟಿ 2022ರಲ್ಲಿ ಸಂಚಾರಕ್ಕೆ ತೆರೆದರು.

ದೂರದ ದ್ವೀಪದ ಮಾತು ಸಾಕು, ನಮ್ಮದೇ ಜ್ವಾಲಾಮುಖಿಯ ದ್ವೀಪವಿಲ್ಲವೇ ಎಂದು ಉಡುಪಿಯ ಬಂಧುಗಳು ಕೇಳಬಹುದು. ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಅಗಲುವ ಕಾಲದಲ್ಲಿ ಉಕ್ಕಿದ ಲಾವಾದಿಂದ ಆದವು. ಲಾವಾ ತಣಿದು ಕುಗ್ಗುವಾಗ ಕಲ್ಲು ಐದಾರು ಮೂಲೆಯ ಕಂಬಗಳಾಗಿ ಸೀಳಿತು. ಅಲ್ಲಿಗೆ ಹೋದವರು ಆ ಕಂಬಗಳ ಮೇಲೆ ಕುಳಿತು ಪಟ ತೆಗೆಸಿಕೊಳ್ಳುತ್ತಾರೆ. ಕಂಬ ಒಂದೊಂದೂ ಗಟ್ಟಿ. ಆದರೆ ಕಂಬಕ್ಕೂ ಕಂಬಕ್ಕೂ ನಡುವೆ ಇರುವುದು ಬಿರುಕು. ಅಲೆ ಬುಡವನ್ನು ಕೊರೆದಂತೆ ಅಂಚಿನ ಕಂಬಗಳು ಕಳಚುತ್ತವೆ. ಕಲ್ಲಿನ ಬಲಕ್ಕೂ ಅದರ ನೆಲೆಗೂ ಇರುವ ಅಂತರವನ್ನು ಕಣ್ಣಾರೆ ನೋಡಬೇಕಾದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಈ ಪಾಠಕ್ಕೆ ನಮ್ಮವರು ಬೆಲೆ ತೆತ್ತದ್ದೂ ಉಂಟು. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿಯ ಮೇಲೆ ಬಿದ್ದಿದ್ದ ಕಲ್ಲುಮಣ್ಣಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ, 2004ರ ಜೂನ್ 16ರಂದು, ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸು ಕರಂಜಾಡಿಯ ಬಳಿ ಬಂಡೆಗೆ ಬಡಿದು ಸೇತುವೆಯಿಂದ ಉರುಳಿತು. ಎರಡೂ ಮುಂಗಾರಿನ ಆರಂಭದಲ್ಲಿ, ಎರಡೂ ಕರಿಕಲ್ಲಿನ ಸೀಮೆಯಲ್ಲಿ. ಅಲ್ಲಿಯೂ ದ್ವೀಪಗಳಂತೆಯೇ ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರ. ಆ ಬಳಿಕ ಇಳಿಜಾರುಗಳನ್ನು ಸವರಿ, ಬಲೆ ಹೊದಿಸಿ, ಬಂಡೆಗಳಿಗೆ ಉಕ್ಕಿನ ಸರಳು ಬಿಗಿದರು. ಮಳೆಗಾಲಕ್ಕೆ ನಿಧಾನದ ಬೇರೆಯ ವೇಳಾಪಟ್ಟಿಯಿದೆ. ಜೂನಿನಲ್ಲಿ ಕೊಂಕಣ ರೈಲು ತಡವಾಯಿತೆಂದು ಗೊಣಗುವಾಗ ನಾವು ಇದನ್ನು ನೆನೆಯಬೇಕು.

ಈಗ ನಮ್ಮ ಊರಿಗೆ ಬರೋಣ. ನಕ್ಷೆ ಬರೆಯುವುದೆಂದರೆ ಏನು? ಮೊದಲು ಬೆಟ್ಟವನ್ನು ಸುತ್ತಿ, ಎಲ್ಲಿ ಇಡಿ ಬಂಡೆ, ಎಲ್ಲಿ ಬಿಡಿ ಗುಂಡು, ಎಲ್ಲಿ ಮೊರಂ ಎಂದು ಗುರುತಿಸಬೇಕು. ಆಮೇಲೆ ದಿಕ್ಸೂಚಿ ಹಿಡಿದು ಬಿರುಕುಗಳ ದಿಕ್ಕನ್ನೂ ವಾಲುವನ್ನೂ ಬರೆದುಕೊಳ್ಳಬೇಕು. ಶ್ಮಿಟ್ಟನ ಸುತ್ತಿಗೆಯಿಂದ ಜಾಗಜಾಗದಲ್ಲಿ ತಟ್ಟಿ ಅಂಕಿ ಬರೆಯಬೇಕು, ಬಂಡೆಯ ಮೈಯಲ್ಲಷ್ಟೇ ಅಲ್ಲ, ಅದರ ಪೀಠದಲ್ಲೂ. ಕೈಗೆಟಕದ ಕಡೆ ಇಂದು ಡ್ರೋನುಗಳು ಹಾರಿ ಪಟ ತೆಗೆಯುತ್ತವೆ. ಹಿಂದೆ ಉರುಳಿದ ಕಲ್ಲುಗಳು ಎಲ್ಲಿಗೆ ಬಂದು ನಿಂತಿವೆಯೆಂದು ನೋಡಿದರೆ ಮುಂದಿನದು ಎಲ್ಲಿಯವರೆಗೆ ಬಂದೀತೆಂಬ ಅಂದಾಜು ಸಿಗುತ್ತದೆ. ಇಷ್ಟನ್ನೂ ಕೂಡಿಸಿ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದರೆ ನಕ್ಷೆ ಸಿದ್ಧ. ಕೆಂಪಿನಲ್ಲಿ ಮನೆ ಬೇಡ. ಹಳದಿಯಲ್ಲಿ ಮೊದಲು ಬಂಡೆಗೆ ಬಂದೋಬಸ್ತು, ಆಮೇಲೆ ಮನೆ. ಹಸಿರಿನಲ್ಲಿ ನೆಮ್ಮದಿಯ ನಿದ್ದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು 2014ರಿಂದ ಹಿಮಾಲಯ, ಪಶ್ಚಿಮಘಟ್ಟ ಮೊದಲಾದ ಗುಡ್ಡಗಾಡುಗಳಿಗೆ ಭೂಕುಸಿತದ ನಕ್ಷೆಗಳನ್ನು ತಯಾರಿಸಿದ್ದಾರೆ. ಅವುಗಳಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ಘಟ್ಟಕ್ಕೆ ಅದು ತಕ್ಕ ಅಳತೆ. ಆದರೆ ಕೋಣೆಯಷ್ಟು ದೊಡ್ಡ ಬಂಡೆಯೂ ಅದರಲ್ಲಿ ಚುಕ್ಕೆಯಾಗಿಯೂ ಕಾಣದು. ನಗರಕ್ಕೆ ಒಂದು ಸೆಂಟಿಮೀಟರಿಗೆ ಹತ್ತು ಮೀಟರಿನ ನಕ್ಷೆ ಬೇಕು, ಬಂಡೆಯೂ ಅದರ ಕೆಳಗಿನ ಮನೆಯೂ ಎರಡೂ ಕಾಣುವಂಥದ್ದು. ಅದಕ್ಕೆ ಬೇಕಾದ ವಿದ್ಯೆಗೆ ಈ ಊರಿನಲ್ಲಿ ಕೊರತೆಯಿಲ್ಲ. ಸರ್ವೇಕ್ಷಣ ಇಲಾಖೆಯ ದಕ್ಷಿಣ ವಲಯದ ಕಚೇರಿ ಇಲ್ಲಿಯೇ ಇದೆ. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾಲಯ ಇಲ್ಲಿಯೇ ಇದೆ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನದ ವಿಭಾಗವಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಂಡೆ ಅಪಾಯವೆಂದೊಡನೆ ಎಲ್ಲವನ್ನೂ ಸಿಡಿಮದ್ದಿಟ್ಟು ಒಡೆದುಬಿಡಿ ಎನ್ನುವವರು ಹೊರಡುತ್ತಾರೆ. ಅವರಿಗೆ ಬಂಡೆಯ ಭಯಕ್ಕಿಂತ ನಿವೇಶನದ ಆಸೆ ಹೆಚ್ಚು. ಒಂದು ಬಂಡೆಗೆ ಇಟ್ಟ ಮದ್ದು ಪಕ್ಕದ ಹತ್ತು ಬಂಡೆಗಳ ಬಿರುಕನ್ನು ಬಿಚ್ಚಬಹುದು. ಈ ಊರಿನ ಶಿಲೆಗಳ ಚೆಲುವನ್ನು ಕಂಡ ನಾಗರಿಕರು 1996ರಲ್ಲಿ ಸೊಸೈಟಿ ಟು ಸೇವ್ ರಾಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿ ಅವುಗಳ ಉಳಿವಿಗೆ ದುಡಿದಿದ್ದಾರೆ. ಹೈದರಾಬಾದ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಅಣಬೆಯಂತೆ ನಿಂತ ಬಂಡೆಯನ್ನು ನೋಡಿದವರಿಗೆ ಅವರ ಪ್ರೀತಿ ಅರ್ಥವಾದೀತು. ನಕ್ಷೆ ಬಂಡೆಯ ಶತ್ರುವಲ್ಲ. ನೂರು ಬಂಡೆಗಳಲ್ಲಿ ಭಯಪಡಬೇಕಾದ ನಾಲ್ಕನ್ನು ಅದು ತೋರಿಸಿಕೊಟ್ಟರೆ ಉಳಿದ ತೊಂಬತ್ತಾರು ನಿಶ್ಚಿಂತೆಯಿಂದ ಉಳಿಯುತ್ತವೆ. ಆ ನಾಲ್ಕಕ್ಕೂ ಬುಡಕ್ಕೆ ಕಟ್ಟೆ ಕೊಟ್ಟು, ಸರಳು ಬಿಗಿದು, ಹಿಂದಿನ ನೀರಿಗೆ ದಾರಿ ಮಾಡಿ ನಿಲ್ಲಿಸುವ ಉಪಾಯಗಳಿವೆ.

ನಕ್ಷೆ ಬರುವವರೆಗೆ ನಾವು ಗೃಹಸ್ಥರು ಮಾಡಬಹುದಾದದ್ದು ಏನು? ಮನೆಯ ಹಿಂದಿನ ಬಂಡೆಯನ್ನು ವರ್ಷಕ್ಕೆ ಎರಡು ಸಲವಾದರೂ, ಮುಂಗಾರಿಗೆ ಮೊದಲೂ ಆಮೇಲೂ, ಕಣ್ಣಿಟ್ಟು ನೋಡಬೇಕು. ಹಳೆಯ ಕಪ್ಪು ಮೈಯಲ್ಲಿ ಹೊಸದಾಗಿ ಸೀಳಿದ ಬೆಳ್ಳನೆಯ ಮೈ ಕಂಡರೆ ಗಮನಿಸಬೇಕು. ಬಿರುಕಿಗೆ ಅಡ್ಡಲಾಗಿ ಸಿಮೆಂಟಿನ ಒಂದು ತೆಳ್ಳನೆಯ ಪಟ್ಟಿ ಮೆತ್ತಿ ದಿನಾಂಕ ಬರೆದಿಡಬೇಕು. ಪಟ್ಟಿ ಒಡೆದರೆ ಬಂಡೆ ಕದಲಿದೆ ಎಂದರ್ಥ. ಮಳೆಯಲ್ಲಿ ಬಂಡೆಯ ಬುಡದಿಂದ ಕೆಸರುನೀರು ಬರುತ್ತಿದ್ದರೆ ಅದರ ಪೀಠ ಕರಗುತ್ತಿದೆ. ಸಂದಿನಲ್ಲಿ ಅರಳಿಯೋ ಆಲವೋ ಬೇರುಬಿಟ್ಟಿದ್ದರೆ ಬೇರು ಬೆಣೆಯ ಕೆಲಸ ಮಾಡುತ್ತದೆ. ಮೇಲಿನ ಮನೆಯ ಬಚ್ಚಲ ನೀರು ಬಿರುಕಿಗೆ ಹರಿಯದಂತೆ ನೋಡಬೇಕು. ಜಾಗ ಸಾಲದೆಂದು ಬಂಡೆಯ ಬುಡದ ಮೊರಮ್ಮನ್ನು ಕಡಿಯಲೇಬಾರದು. ಗೋಡೆ ಕಟ್ಟಿದರೆ ಅದರಲ್ಲಿ ನೀರು ಸೋರಲು ತೂತುಗಳನ್ನು ಬಿಡಬೇಕು. ಜಡಿಮಳೆಯ ರಾತ್ರಿ ಸಂಶಯವಿದ್ದರೆ ಬಂಡೆಯ ಕಡೆಯ ಕೋಣೆಯಲ್ಲಿ ಮಲಗದೆ ನೆಂಟರ ಮನೆಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೊನೆಯದಾಗಿ, ನಮ್ಮ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತನ್ನು ಹೇಳಬೇಕು. ಬಂಡೆಯನ್ನು ದೂರದಿಂದ ನೋಡುವ ಮನೆಗೆ ಬೆಲೆ ಹೆಚ್ಚು, ಬಂಡೆಯ ಬುಡದ ಮನೆಗೆ ಬಾಡಿಗೆ ಕಡಿಮೆ. ಊರಿಗೆ ಹೊಸದಾಗಿ ಬಂದವರು, ಕೈಯಲ್ಲಿ ಕಾಸಿಲ್ಲದವರು ಅಂಥ ಜಾಗಗಳಲ್ಲೇ ನೆಲೆ ಹುಡುಕುತ್ತಾರೆ. ಕಲಬುರಗಿ, ಯಾದಗಿರಿ, ರಾಯಚೂರಿನ ಹಳ್ಳಿಗಳಿಂದ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬರುವ ನಮ್ಮವರೇ ಎಷ್ಟೋ ಮಂದಿ. ಅವರು ಈ ಸಮಾರಂಭಕ್ಕೆ ಬಂದಿಲ್ಲ, ಈ ಸಂಚಿಕೆಯನ್ನು ಓದಲಾರರು. ನಾವಾದರೂ ಮೊದಲು ಬಂದಾಗ ಅಗ್ಗದ ಮನೆಯನ್ನೇ ಹುಡುಕಿದವರಲ್ಲವೇ? ನಮಗೆ ಈಗ ಓದುಬರಹವಿದೆ, ಪರಿಚಯದ ಅಧಿಕಾರಿಗಳಿದ್ದಾರೆ, ಸಂಘದಲ್ಲಿ ಇಂಜಿನಿಯರುಗಳೂ ಅಧ್ಯಾಪಕರೂ ಇದ್ದಾರೆ.

ಆದಕಾರಣ ಸಂಘದ ಮುಂದೆ ನಮ್ಮದೊಂದು ವಿನಂತಿ. ಮುಂದಿನ ಮುಂಗಾರಿಗೆ ಮೊದಲು ನಾಲ್ಕು ಭಾನುವಾರಗಳನ್ನು ಇದಕ್ಕೆ ಮೀಸಲಿಡೋಣ. ಬಡಾವಣೆಗೆ ನಾಲ್ಕಾರು ಮಂದಿಯಂತೆ ಹೊರಟು, ಯಾವ ಬಂಡೆಯ ಕೆಳಗೆ ಎಷ್ಟು ಮನೆಗಳಿವೆ, ಬುಡದಲ್ಲಿ ಮೊರಂ ಕಡಿದಿದ್ದಾರೆಯೇ, ಬಿರುಕು ಬಾಯಿಬಿಟ್ಟಿದೆಯೇ ಎಂದು ಪಟ ಸಹಿತ ಬರೆದುಕೊಳ್ಳೋಣ. ಅಲ್ಲಿಯ ತಾಯಂದಿರಿಗೆ ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ನಾಲ್ಕು ಎಚ್ಚರಿಕೆಯ ಮಾತು ಹೇಳೋಣ. ಆ ಪಟ್ಟಿಯನ್ನು ನಗರಪಾಲಿಕೆಗೂ ಸರ್ವೇಕ್ಷಣ ಇಲಾಖೆಗೂ ಒಪ್ಪಿಸಿ, ಬಲ್ಲವರಿಂದ ಪರೀಕ್ಷೆಯಾಗಲೆಂದು ಕೇಳೋಣ. ನಮ್ಮ ಪಟ್ಟಿ ನಕ್ಷೆಯಾಗದು. ಆದರೆ ನಕ್ಷೆ ಮಾಡುವವರು ಮೊದಲು ಎಲ್ಲಿಗೆ ಹೋಗಬೇಕೆಂಬುದನ್ನು ತೋರಿಸೀತು.

ಈ ಊರು ನಮಗೆ ಅನ್ನ ಕೊಟ್ಟಿದೆ, ನೆಲೆ ಕೊಟ್ಟಿದೆ. ಕನ್ನಡದ ಹೆಸರಿನಲ್ಲಿ ಸೇರಿದ ನಾವು ಈ ಊರಿನ ನೆರೆಹೊರೆಗೆ ಇಷ್ಟು ಮಾಡಿದರೆ ರಾಜ್ಯೋತ್ಸವಕ್ಕೆ ಅದೂ ಒಂದು ಸಾರ್ಥಕತೆ.